ಯಾಕೋಬ ಜೇಮ್ಸ್ ಆದದ್ದು

ನಜರೇತಿನ ಸಭಾಮಂದಿರದಲ್ಲಿ ಯೇಸು ಬೋಧಿಸಿದಾಗ ಊರವರು ಬೆರಗಾದರು ಎಂದು ಮತ್ತಾಯನ ಸುವಾರ್ತೆಯ 13ನೇ ಅಧ್ಯಾಯ ಹೇಳುತ್ತದೆ. ಬಡಗಿಯ ಮಗನಾದ ಇವನಿಗೆ ಇಷ್ಟು ಜ್ಞಾನ ಎಲ್ಲಿಂದ ಬಂತು ಎಂಬುದು ಅವರ ಪ್ರಶ್ನೆ. ಮಾತಿನ ನಡುವೆ ಅವರು ಅವನ ಮನೆಯವರ ಹೆಸರುಗಳನ್ನು ಎತ್ತುತ್ತಾರೆ. ತಾಯಿಯ ಹೆಸರು ಬರುತ್ತದೆ, ನಾಲ್ವರು ಸಹೋದರರ ಹೆಸರೂ ಬರುತ್ತದೆ. 1611ರ ಇಂಗ್ಲಿಷ್ ಬೈಬಲಿನಲ್ಲಿ ತಾಯಿ ಮೇರಿ. ಸಹೋದರರು ಜೇಮ್ಸ್, ಜೋಸೆಸ್, ಸೈಮನ್, ಜೂಡಸ್.

ಅವರ ಬೀದಿಯಲ್ಲಿ ಆ ಹೆಸರುಗಳು ಹೀಗೆ ಕೇಳಿಸುತ್ತಿರಲಿಲ್ಲ. ಯಾಕೋವ್, ಯೋಸೆಫ್, ಶಿಮೋನ್, ಯೆಹೂದಾ ಎಂದು ಕೇಳಿಸುತ್ತಿದ್ದವು. ಆದಿಕಾಂಡ ಓದಿದವರಿಗೆ ಈ ನಾಲ್ಕು ಹೆಸರು ಒಟ್ಟಿಗೆ ಕಿವಿಗೆ ಬಿದ್ದರೆ ಸಾಕು, ಮೂಲಪಿತೃ ಯಾಕೋಬನೂ ಅವನ ಹನ್ನೆರಡು ಗಂಡುಮಕ್ಕಳಲ್ಲಿ ಮೂವರೂ ಕಣ್ಣೆದುರು ನಿಲ್ಲುತ್ತಾರೆ. ತಾಯಿಯದು ಮೋಶೆಯ ಅಕ್ಕ ಮಿರ್ಯಾಮಳ ಹೆಸರು. ಯೇಸುವಿನದು ಮೋಶೆಯ ನಂತರ ಜನರನ್ನು ಕಾನಾನ್ ದೇಶಕ್ಕೆ ನಡೆಸಿದ ಯೆಹೋಶುವನ ಹೆಸರು. ರೋಮಿನ ಆಳ್ವಿಕೆಯ ಕಾಲದಲ್ಲಿ ಗಲಿಲಾಯದ ಒಂದು ಬಡ ಮನೆ ತನ್ನ ಜನಾಂಗದ ಇಡೀ ನೆನಪನ್ನು ಹೆಸರುಗಳಲ್ಲಿ ಹೊತ್ತುಕೊಂಡಿತ್ತು. ಇನ್ನೂ ಒಂದು ಸಂಗತಿಯಿದೆ. ಅದೇ ಸುವಾರ್ತೆಯ ಮೊದಲ ಅಧ್ಯಾಯದ ವಂಶಾವಳಿಯ ಪ್ರಕಾರ ಯೋಸೇಫನ ತಂದೆಯ ಹೆಸರು ಯಾಕೋಬ. ಅಜ್ಜನ ಹೆಸರು ಮೊಮ್ಮಗನಿಗೂ ಇದೆ. ನಮ್ಮ ಮನೆಗಳಲ್ಲೂ ಇರುವ ಈ ರೂಢಿಯನ್ನು ಕನ್ನಡ ಓದುಗರಿಗೆ ವಿವರಿಸಬೇಕಾಗಿಲ್ಲ. ಆದರೆ ಇಂಗ್ಲಿಷ್ ಬೈಬಲಿನಲ್ಲಿ ಅಜ್ಜ ಜೇಕಬ್, ಮೊಮ್ಮಗ ಜೇಮ್ಸ್. ಇಬ್ಬರದೂ ಒಂದೇ ಹೆಸರು ಎಂದು ಸಾಮಾನ್ಯ ಓದುಗನಿಗೆ ಹೊಳೆಯುವ ದಾರಿಯೇ ಇಲ್ಲ.

ಹೆಸರಿನ ಉಚ್ಚಾರ ಬದಲಾಗುವುದು ದೊಡ್ಡ ಮಾತಲ್ಲ. ಹೆಸರು ಗಡಿ ದಾಟಿದಾಗಲೆಲ್ಲ ಹೊಸ ಊರಿನ ನಾಲಿಗೆಗೆ ಒಗ್ಗಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಆದ ನಷ್ಟ ಬೇರೆ ಬಗೆಯದು. ಒಂದೇ ಹೆಸರು ಎರಡು ಮೂರು ದಾರಿಗಳಲ್ಲಿ ಬಂದು ಎರಡು ಮೂರು ಹೆಸರುಗಳಾಗಿ ನಿಂತಿತು. ಹಳೆಯ ಒಡಂಬಡಿಕೆಯ ಮನೆತನಕ್ಕೂ ಹೊಸ ಒಡಂಬಡಿಕೆಯ ಮಕ್ಕಳಿಗೂ ಇದ್ದ ನಂಟು ಓದುಗನ ಕಣ್ಣಿನಿಂದ ಮರೆಯಾಯಿತು.

ಈ ಕಥೆ ಇಂಗ್ಲೆಂಡಿಗಿಂತ ಬಹಳ ಹಿಂದೆ, ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಶುರುವಾಗುತ್ತದೆ. ಕ್ರಿ.ಪೂ. 3ನೇ ಶತಮಾನದ ಹೊತ್ತಿಗೆ ಅಲ್ಲಿ ನೆಲೆಸಿದ್ದ ಯೆಹೂದ್ಯರ ಮನೆಮಾತು ಗ್ರೀಕ್ ಆಗಿತ್ತು. ಅವರಿಗಾಗಿ ಧರ್ಮಗ್ರಂಥದ ಮೊದಲ ಐದು ಪುಸ್ತಕಗಳು ಗ್ರೀಕಿಗೆ ಬಂದವು. ಉಳಿದವು ಮುಂದಿನ ತಲೆಮಾರುಗಳಲ್ಲಿ ಬಂದವು. ದೊರೆ ಟಾಲೆಮಿಯ ಕೋರಿಕೆಯಂತೆ 72 ಹಿರಿಯರು ಈ ಕೆಲಸ ಮಾಡಿದರೆಂಬ ಐತಿಹ್ಯದಿಂದ ಆ ಅನುವಾದಕ್ಕೆ ಎಪ್ಪತ್ತರ ಗ್ರಂಥ, ಅಂದರೆ ಸೆಪ್ಟುಅಜಿಂಟ್ ಎಂಬ ಹೆಸರು ಬಂತು.

ಗ್ರೀಕ್ ಲಿಪಿಯಲ್ಲಿ ‘ಶ’ಕಾರವಿಲ್ಲ. ಹೀಬ್ರೂವಿನ ಗಂಟಲ ಧ್ವನಿಗಳಿಗೂ ಅಕ್ಷರವಿಲ್ಲ. ಮೇಲಾಗಿ ಗ್ರೀಕಿನಲ್ಲಿ ಹೆಸರಿಗೆ ವಿಭಕ್ತಿ ಹತ್ತಬೇಕು. ಗಂಡಸಿನ ಹೆಸರು ಸ್ವರದಲ್ಲಿ ಮುಗಿದರೆ ಪ್ರಥಮಾ ವಿಭಕ್ತಿಯಲ್ಲಿ ಸಾಮಾನ್ಯವಾಗಿ ಒಂದು ‘ಸ್’ ಸೇರುತ್ತದೆ. ಯೆಹೋಶುವ ಎಂಬ ಹಳೆಯ ಹೆಸರು ಬಾಬೆಲಿನ ಸೆರೆಯ ನಂತರ ಯೆಹೂದ್ಯರ ಬಾಯಲ್ಲೇ ಯೇಶುವ ಎಂದು ಗಿಡ್ಡವಾಗಿತ್ತು. ಸೆರೆಯಿಂದ ಮರಳಿದವರ ಮಹಾಯಾಜಕನನ್ನು ಹಗ್ಗಾಯನ ಪುಸ್ತಕ ಯೆಹೋಶುವ ಎಂದು ಕರೆದರೆ, ಎಜ್ರನ ಪುಸ್ತಕ ಯೇಶುವ ಎನ್ನುತ್ತದೆ. ಗ್ರೀಕಿನಲ್ಲಿ ‘ಶ’ ಹೋಗಿ ‘ಸ’ ಬಂತು, ಕೊನೆಯ ಗಂಟಲ ಧ್ವನಿ ಬಿದ್ದುಹೋಯಿತು, ವಿಭಕ್ತಿಯ ‘ಸ್’ ಹತ್ತಿತು. ಯೇಸೂಸ್ ಹುಟ್ಟಿದ್ದು ಹೀಗೆ. ಈ ಹೆಸರನ್ನು ಯಾರೋ ಬೇಕೆಂದು ಕೆಡಿಸಿದರೆಂಬ ವಾದ ಆಗಾಗ ಕೇಳಿಬರುತ್ತದೆ. ಅದು ಸುಳ್ಳು. ಯೇಸು ಹುಟ್ಟುವ ಎಷ್ಟೋ ವರ್ಷ ಮೊದಲೇ ಯೆಹೂದ್ಯರೇ ತಮ್ಮ ವೀರ ಯೆಹೋಶುವನ ಹೆಸರನ್ನು ಗ್ರೀಕಿನಲ್ಲಿ ಹೀಗೆ ಬರೆದಿದ್ದರು.

ಆದರೆ ಒಡಕಿನ ಬೀಜ ಗ್ರೀಕಿನಲ್ಲೇ ಇತ್ತು. ಮೂಲಪಿತೃವಿನ ಹೆಸರನ್ನು ವಿಭಕ್ತಿ ಹಚ್ಚದೆ ಯಾಕೋಬ್ ಎಂದೇ ಉಳಿಸಿದರು; ಹೊಸ ಒಡಂಬಡಿಕೆಯ ಕಾಲದ ಜನರ ಹೆಸರನ್ನು ಗ್ರೀಕ್ ಅಚ್ಚಿಗೆ ಹಾಕಿ ಯಾಕೋಬೊಸ್ ಎಂದರು. ವ್ಯತ್ಯಾಸ ಅಷ್ಟೇ. ಓದುವವನಿಗೆ ಎರಡೂ ಒಂದೇ ಹೆಸರೆಂದು ಕಾಣುತ್ತಿತ್ತು. ಹವ್ವಳ ಹೆಸರಿಗಾದದ್ದು ಇನ್ನೂ ವಿಚಿತ್ರ. ಆದಿಕಾಂಡದ 3ನೇ ಅಧ್ಯಾಯದಲ್ಲಿ ಅವಳ ಹೆಸರಿನ ಅರ್ಥವನ್ನೇ ಹಿಡಿದು, ಜೀವ ಎಂಬರ್ಥದ ಜೋಯೆ ಎಂದು ಅನುವಾದಿಸಿದರು. 4ನೇ ಅಧ್ಯಾಯಕ್ಕೆ ಬಂದಾಗ ಧ್ವನಿಯನ್ನು ಹಿಡಿದು ಏವ ಎಂದು ಬರೆದರು. ಹೆಸರಿನ ಅರ್ಥ ಉಳಿಸಬೇಕೋ ಧ್ವನಿ ಉಳಿಸಬೇಕೋ ಎಂಬ ಪ್ರಶ್ನೆ ಮೊದಲ ಅನುವಾದಕರನ್ನೇ ಕಾಡಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಲ್ಯಾಟಿನ್ನಿನಲ್ಲಿ ಈ ಒಡಕು ಒಂದು ಹೆಜ್ಜೆ ಮುಂದೆ ಹೋಯಿತು. ಪೋಪ್ ದಮಾಸಸ್ 382ರಲ್ಲಿ ಸುವಾರ್ತೆಗಳ ಪರಿಷ್ಕರಣೆಯನ್ನು ಜೆರೋಮನಿಗೆ ಒಪ್ಪಿಸಿದ. ಮುಂದೆ ಬೇತ್ಲೆಹೇಮಿನಲ್ಲಿ ನೆಲೆಸಿದ ಜೆರೋಮ್ ಯೆಹೂದ್ಯ ಗುರುಗಳಿಂದ ಪಾಠ ಹೇಳಿಸಿಕೊಂಡು ಹಳೆಯ ಒಡಂಬಡಿಕೆಯನ್ನು ನೇರವಾಗಿ ಹೀಬ್ರೂವಿನಿಂದಲೇ ಅನುವಾದಿಸಿದ. ನೂನನ ಮಗ ಯೆಹೋಶುವ ಅವನ ಗ್ರಂಥದಲ್ಲಿ ಯೋಸುವೆ ಆದ. ಸುವಾರ್ತೆಗಳ ಯೇಸು ಯೇಸುಸ್ ಆಗಿಯೇ ಉಳಿದ. ಮೂಲಕ್ಕೆ ಹತ್ತಿರವಾಗಬೇಕೆಂಬ ಜೆರೋಮನ ನಿಷ್ಠೆಯೇ ಒಂದು ಹೆಸರನ್ನು ಎರಡು ಮಾಡಿತು.

ಇಂಗ್ಲೆಂಡಿನವರು ಮೊದಲು ಹಿಡಿದ ದಾರಿ ಇವೆಲ್ಲಕ್ಕಿಂತ ಬೇರೆ. 10ನೇ ಶತಮಾನದ ಹಳೆಯ ಇಂಗ್ಲಿಷ್ ಸುವಾರ್ತೆಗಳಲ್ಲಿ ಯೇಸು ಎಂಬ ಹೆಸರಿರಬೇಕಾದ ಕಡೆ ಬಹುಮಟ್ಟಿಗೆ ‘ಹ್ಯಾಲೆಂಡ್’ ಎಂದಿದೆ. ಗುಣಪಡಿಸುವವನು, ರಕ್ಷಕ ಎಂದು ಅದರ ಅರ್ಥ. ಹೀಬ್ರೂ ಹೆಸರಿನಲ್ಲಿ ರಕ್ಷಣೆ ಎಂಬ ಅರ್ಥ ಅಡಗಿದೆಯಾದ್ದರಿಂದ ಆ ಅನುವಾದಕರು ಹೆಸರನ್ನೇ ತಮ್ಮ ನುಡಿಗೆ ತಿರುಗಿಸಿಕೊಂಡರು. ನನಗೆ ಇದು ಇಡೀ ಇಂಗ್ಲಿಷ್ ಬೈಬಲ್ ಚರಿತ್ರೆಯ ಅತ್ಯಂತ ಧೈರ್ಯದ ಕೆಲಸವಾಗಿ ಕಾಣುತ್ತದೆ. ಹೊಲ ಉಳುವ ಸ್ಯಾಕ್ಸನ್ ರೈತನಿಗೆ ಆ ಹೆಸರು ತನ್ನ ಮಾತಿನಲ್ಲೇ ತಿಳಿಯುತ್ತಿತ್ತು.

1066ರಲ್ಲಿ ನಾರ್ಮನ್ನರು ಬಂದರು. ಅರಮನೆಯ ಮಾತು ಫ್ರೆಂಚ್ ಆಯಿತು, ಹ್ಯಾಲೆಂಡ್ ನಿಧಾನವಾಗಿ ಬಳಕೆ ತಪ್ಪಿತು, ಹೆಸರುಗಳು ಫ್ರೆಂಚ್ ಬಾಯಿಂದ ಇಂಗ್ಲಿಷಿಗೆ ಇಳಿದವು. ಲ್ಯಾಟಿನ್ನಿನ ‘ಯ’ಕಾರ ಆ ಹೊತ್ತಿಗೆ ಫ್ರೆಂಚಿನಲ್ಲಿ ‘ಜ’ಕಾರವಾಗಿತ್ತು. ಮುಂದೆ ಫ್ರೆಂಚರು ಆ ಧ್ವನಿಯನ್ನು ಮೆದುಗೊಳಿಸಿಕೊಂಡರು, ಇಂಗ್ಲಿಷರು ಹಳೆಯ ‘ಜ’ವನ್ನೇ ಹಿಡಿದುಕೊಂಡರು. ಯೊಹಾನೆಸ್ ಜಾನ್ ಆದದ್ದು, ಯೋಸೆಫ್ ಜೋಸೆಫ್ ಆದದ್ದು, ಯೆರೂಸಲೇಮ್ ಜೆರೂಸಲೆಮ್ ಆದದ್ದು ಇದೇ ದಾರಿಯಲ್ಲಿ.

ಯಾಕೋಬನ ಪಯಣ ಇನ್ನೂ ಸುತ್ತುಬಳಸಿನದು. ಲ್ಯಾಟಿನ್ ಯಾಕೋಬುಸ್ ಜನರ ಆಡುಮಾತಿನಲ್ಲಿ ಯಾಕೋಮುಸ್ ಆಗಿ, ‘ಬ’ದ ಜಾಗದಲ್ಲಿ ‘ಮ’ ಕೂತಿತ್ತು. ಅದರಿಂದ ಹಳೆಯ ಫ್ರೆಂಚಿನ ಜೇಮ್ಸ್ ಬಂತು. ಜನ ದಿನವೂ ಕರೆಯುವ, ಮಕ್ಕಳಿಗೆ ಇಡುವ ಹೆಸರು ಸವೆದು ಸವೆದು ಹೀಗಾಯಿತು. ಆದಿಕಾಂಡದ ಮೂಲಪಿತೃವಿನ ಹೆಸರು ಪುಸ್ತಕದೊಳಗೇ ಇದ್ದದ್ದರಿಂದ ಸವೆಯದೆ ಜೇಕಬ್ ಆಗಿ ನಿಂತಿತು. ಅತ್ತ ಸ್ಪೇನಿನಲ್ಲಿ ಅಪೊಸ್ತಲ ಯಾಕೋಬನ ಹೆಸರು ಸಂತ ಎಂಬ ಪದದೊಡನೆ ಬೆಸೆದು ಸಾಂತಿಯಾಗೊ ಆಯಿತು. ಚಿಲಿ ದೇಶದ ರಾಜಧಾನಿಗೆ ಇಂದಿಗೂ ಅದೇ ಹೆಸರು.

1380ರ ದಶಕದಲ್ಲಿ ಜಾನ್ ವಿಕ್ಲಿಫನ ಬಳಗ ಲ್ಯಾಟಿನ್ನಿನಿಂದ ಇಡೀ ಬೈಬಲನ್ನು ಇಂಗ್ಲಿಷಿಗೆ ತಂದಾಗ ಹೊಸ ಒಡಂಬಡಿಕೆಯಲ್ಲಿ ಆಗಲೇ ಜೇಮ್ಸ್ ಇದ್ದ. 1611ರ ಬೈಬಲ್ ಮಾಡಿಸಿದ ದೊರೆ ಒಂದನೇ ಜೇಮ್ಸ್ ತನ್ನ ಹೆಸರನ್ನು ಅದರಲ್ಲಿ ತುರುಕಿಸಿದ ಎಂದು ಹೇಳುವವರು ಇದನ್ನು ಗಮನಿಸಬೇಕು. ಆ ದೊರೆ ಹುಟ್ಟುವುದಕ್ಕೆ ಸುಮಾರು 180 ವರ್ಷ ಮೊದಲೇ ಆ ಹೆಸರು ಅಲ್ಲಿತ್ತು. ವಿಕ್ಲಿಫನ ಕಾಲದ ಹಸ್ತಪ್ರತಿಗಳಲ್ಲಿ ಯೇಸುವಿನ ಹೆಸರಿನ ನಡುವೆ ಒಂದು ‘ಹ’ಕಾರವೂ ಕಾಣುತ್ತದೆ. ಗ್ರೀಕಿನ ದೀರ್ಘ ‘ಏ’ ಅಕ್ಷರ ನೋಡಲು ಲ್ಯಾಟಿನ್ ‘ಹ’ದಂತೆಯೇ ಇರುವುದರಿಂದ ಲಿಪಿಕಾರರು ಅದನ್ನು ಹಾಗೆಯೇ ನಕಲು ಮಾಡುತ್ತ ಬಂದಿದ್ದರು. ಇಗರ್ಜಿಗಳ ಪೀಠದ ಮೇಲೆ ಕಾಣುವ ಐ, ಎಚ್, ಎಸ್ ಎಂಬ ಮೂರಕ್ಷರಗಳ ನಡುವಿನದು ಈ ಗ್ರೀಕ್ ‘ಏ’ ತಾನೇ.

ಇಲ್ಲಿ ಒಂದು ಕಹಿ ಸಂಗತಿಯನ್ನು ಹೇಳಲೇಬೇಕು. 1290ರಲ್ಲಿ ದೊರೆ ಒಂದನೇ ಎಡ್ವರ್ಡ್ ಯೆಹೂದ್ಯರನ್ನು ಇಂಗ್ಲೆಂಡಿನಿಂದ ಹೊರಹಾಕಿದ. ಅವರು ಬಹಿರಂಗವಾಗಿ ಮತ್ತೆ ನೆಲೆಸಲು ಸಾಧ್ಯವಾದದ್ದು 1650ರ ದಶಕದಲ್ಲಿ. ಅಂದರೆ ವಿಕ್ಲಿಫನಿಂದ 1611ರವರೆಗೆ, ಇಂಗ್ಲಿಷ್ ಬೈಬಲ್ ರೂಪುಗೊಂಡ ಅಷ್ಟೂ ಕಾಲ, ಆ ದೇಶದಲ್ಲಿ ಈ ಹೆಸರುಗಳನ್ನು ಮನೆಮಕ್ಕಳಿಗೆ ಇಟ್ಟು ಕೂಗಿ ಕರೆಯುವ ಯೆಹೂದ್ಯ ಕೇರಿಯೊಂದೂ ಇರಲಿಲ್ಲ. ಜೆರೋಮನಿಗೆ ಸಿಕ್ಕ ಭಾಗ್ಯ ಇಂಗ್ಲಿಷ್ ಅನುವಾದಕರಿಗೆ ಅವರ ನೆಲದಲ್ಲಿ ಸಿಗಲಿಲ್ಲ. ಅವರು ಹೀಬ್ರೂ ಕಲಿತದ್ದು ಹೆಚ್ಚಾಗಿ ಪುಸ್ತಕಗಳಿಂದ. ಯಾಕೋವ್ ಮತ್ತು ಜೇಮ್ಸ್ ಒಂದೇ ಹೆಸರು ಎಂದು ಕಿವಿಯಿಂದ ತಿಳಿಯುವ ಅವಕಾಶವನ್ನು ಆ ಸಮಾಜ ತನ್ನ ಕೈಯಾರೆ ಕಳೆದುಕೊಂಡಿತ್ತು.

ವಿಲಿಯಂ ಟಿಂಡೇಲ್ ಈ ಕಥೆಯ ಹುತಾತ್ಮ. ಲಂಡನ್ನಿನ ಬಿಷಪ್ ಆಶ್ರಯ ಕೊಡದಿದ್ದಾಗ 1524ರಲ್ಲಿ ಆತ ದೇಶ ಬಿಟ್ಟ. 1526ರಲ್ಲಿ ಜರ್ಮನಿಯ ವೋರ್ಮ್ಸ್ ನಗರದಲ್ಲಿ ಅವನ ಹೊಸ ಒಡಂಬಡಿಕೆ ಅಚ್ಚಾಗಿ, ಪ್ರತಿಗಳು ಕದ್ದುಮುಚ್ಚಿ ಇಂಗ್ಲೆಂಡ್ ಸೇರಿದವು; ಸಿಕ್ಕವನ್ನು ಅಧಿಕಾರಿಗಳು ಸುಟ್ಟರು. ಪರದೇಶದಲ್ಲೇ ಹೀಬ್ರೂ ಕಲಿತು 1530ರಲ್ಲಿ ಮೋಶೆಯ ಐದು ಪುಸ್ತಕಗಳನ್ನು ಹೊರತಂದ. ಇಂಗ್ಲಿಷ್ ಬೈಬಲಿಗೆ ಯೆಹೋವ ಎಂಬ ದೇವರ ಹೆಸರು ಬಂದದ್ದು ಆ ಪುಸ್ತಕದ ಮೂಲಕ. ಹೀಬ್ರೂವಿನಲ್ಲಿ ಆ ಹೆಸರಿಗೆ ನಾಲ್ಕು ವ್ಯಂಜನಗಳು ಮಾತ್ರ. ಭಕ್ತ ಯೆಹೂದ್ಯರು ಅದನ್ನು ಉಚ್ಚರಿಸದೆ, ಒಡೆಯ ಎಂಬರ್ಥದ ಅದೋನಾಯ್ ಎಂದು ಓದುತ್ತಿದ್ದರು. ಹಾಗೆ ಓದಬೇಕೆಂದು ನೆನಪಿಸಲು ಮಸೋರೆಟರೆಂಬ ಪಂಡಿತರು ಆ ನಾಲ್ಕು ವ್ಯಂಜನಗಳಿಗೆ ಅದೋನಾಯ್ ಪದದ ಸ್ವರಚಿಹ್ನೆಗಳನ್ನು ಹಚ್ಚಿಟ್ಟರು. ಕ್ರೈಸ್ತ ಓದುಗರು ಎರಡನ್ನೂ ಕೂಡಿಸಿ ಓದಿದರು. ಉಚ್ಚರಿಸಬಾರದೆಂದು ಇಟ್ಟ ಗುರುತೇ ಹೊಸ ಉಚ್ಚಾರಕ್ಕೆ ಕಾರಣವಾಯಿತು. ಟಿಂಡೇಲನನ್ನು 1535ರಲ್ಲಿ ಆಂಟ್ವರ್ಪಿನಲ್ಲಿ ಹಿಡಿದರು. 1536ರ ಅಕ್ಟೋಬರಿನಲ್ಲಿ ವಿಲ್ವೋರ್ಡಿನಲ್ಲಿ ಕತ್ತು ಬಿಗಿದು ಕೊಂದು ಸುಟ್ಟರು.

ಒಡೆದ ಹೆಸರುಗಳನ್ನು ಜೋಡಿಸಲು ಒಂದು ಅವಕಾಶ ಒದಗಿದ್ದು 1560ರಲ್ಲಿ. ರಾಣಿ ಮೇರಿಯ ಕಾಲದಲ್ಲಿ ಜೀವ ಉಳಿಸಿಕೊಳ್ಳಲು ಜಿನೀವಾಕ್ಕೆ ಓಡಿದ್ದ ಇಂಗ್ಲಿಷ್ ವಿದ್ವಾಂಸರು ಅಲ್ಲಿ ಹೊಸ ಬೈಬಲನ್ನು ಅಚ್ಚು ಹಾಕಿಸಿದರು. ಅದರ ಹಳೆಯ ಒಡಂಬಡಿಕೆಯನ್ನು ತೆರೆದರೆ ಐಸಾಕ್ ಬದಲು ಇಜ್ಹಾಕ್, ಜೇಕಬ್ ಬದಲು ಯಾಕೋಬನಿಗೆ ಹತ್ತಿರದ ಕಾಗುಣಿತ, ಈವ್ ಬದಲು ಹೇವಾ, ಏಬಲ್ ಬದಲು ಹಾಬೆಲ್ ಕಾಣುತ್ತವೆ. ಹೆಸರುಗಳ ಅರ್ಥ ಹೇಳುವ ಪಟ್ಟಿಯನ್ನೂ ಕೊನೆಯಲ್ಲಿ ಕೊಟ್ಟಿದ್ದರು. ಆದರೂ ಅವರು ಅರ್ಧದಲ್ಲೇ ನಿಂತರು. ಸರಳ ಓದುಗರಿಗೆ ಗೊಂದಲವಾದೀತೆಂದು ರೂಢಿಯ ಹೆಸರುಗಳನ್ನು ಹೆಚ್ಚು ಮುಟ್ಟಿಲ್ಲವೆಂದು ಮುನ್ನುಡಿಯಲ್ಲಿ ಅವರೇ ಬರೆದಿದ್ದಾರೆ. ಹೊಸ ಒಡಂಬಡಿಕೆಯಲ್ಲಿ ಜೇಮ್ಸ್ ಹಾಗೆಯೇ ಉಳಿದ.

ಬಾಗಿಲು ಮುಚ್ಚಿದ್ದು ಹೊಸ ಶತಮಾನದಲ್ಲಿ. 1604ರ ಜನವರಿಯಲ್ಲಿ ಹ್ಯಾಂಪ್ಟನ್ ಕೋರ್ಟ್ ಅರಮನೆಯ ಸಭೆಯಲ್ಲಿ ಹೊಸ ಅನುವಾದದ ಮಾತು ಬಂದು, ದೊರೆ ಜೇಮ್ಸ್ ಒಪ್ಪಿದ. ವೆಸ್ಟ್‌ಮಿನ್‌ಸ್ಟರ್, ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಆರು ತಂಡಗಳು ಕೆಲಸಕ್ಕೆ ಕೂತವು. ಇಂಗ್ಲೆಂಡಿನ ಚರ್ಚಿನ ಹಿರಿಯ ಧರ್ಮಾಧ್ಯಕ್ಷ ರಿಚರ್ಡ್ ಬ್ಯಾಂಕ್ರಾಫ್ಟ್ ಆ ತಂಡಗಳಿಗೆ 15 ನಿಯಮಗಳನ್ನು ಕಳಿಸಿದ. ಅದರಲ್ಲಿ ಎರಡನೆಯದೇ ಹೆಸರುಗಳ ಕುರಿತು: ಪ್ರವಾದಿಗಳ, ಪವಿತ್ರ ಲೇಖಕರ ಮತ್ತು ಇತರರ ಹೆಸರುಗಳನ್ನು ಜನಬಳಕೆಯಲ್ಲಿ ಇರುವಂತೆಯೇ ಆದಷ್ಟು ಉಳಿಸಿಕೊಳ್ಳಬೇಕು. ಜಿನೀವಾದವರು ತೆರೆದ ದಾರಿಗೆ ಈ ಒಂದು ಸಾಲು ಅಡ್ಡಗಟ್ಟಿತು. ಜನರ ಬಾಯಿಯನ್ನು ಗೌರವಿಸಬೇಕೆಂಬುದು ಒಳ್ಳೆಯ ತತ್ವವೇ. ಆದರೆ ಜನರ ಬಾಯಲ್ಲಿದ್ದ ಹೆಸರುಗಳು ಒಂದೇ ಮೂಲದಿಂದ ಬಂದಿರಲಿಲ್ಲ. ಒಂದು ಹೀಬ್ರೂವಿನಿಂದ, ಇನ್ನೊಂದು ಗ್ರೀಕಿನಿಂದ, ಮತ್ತೊಂದು ಲ್ಯಾಟಿನ್ ಸವೆದ ಫ್ರೆಂಚಿನಿಂದ ಬಂದಿತ್ತು. ಆ ಕಲಬೆರಕೆಗೆ ರಾಜಮುದ್ರೆ ಬಿತ್ತು.

ಫಲ 1611ರ ಪುಟಗಳಲ್ಲಿ ಕಾಣುತ್ತದೆ. ಹಳೆಯ ಒಡಂಬಡಿಕೆಯ ಎಲೀಯ, ಯೆಶಾಯ, ನೋಹ ಇಂಗ್ಲಿಷಿನಲ್ಲಿ ಎಲೈಜಾ, ಐಸಾಯಾ, ನೋವಾ. ಅದೇ ಪುಸ್ತಕದ ಸುವಾರ್ತೆಗಳಲ್ಲಿ ಅವರೇ ಇಲಾಯಸ್, ಇಸಾಯಸ್, ನೋಯಿ. ಸುಳಿಗಾಳಿಯಲ್ಲಿ ಸ್ವರ್ಗಕ್ಕೆ ಹೋದ ಪ್ರವಾದಿ ಎಲೀಯನೇ ಬೆಟ್ಟದ ಮೇಲೆ ಯೇಸುವಿನೊಡನೆ ಕಾಣಿಸಿಕೊಂಡ ಎಂಬುದು ಆ ಪ್ರಸಂಗದ ಜೀವಾಳ. ಬೇರೆ ಹೆಸರಿನಿಂದ ಅವನು ಬಂದರೆ ಕೇಳುವವನು ಗುರುತಿಸುವುದು ಹೇಗೆ?

ಎಲ್ಲಕ್ಕಿಂತ ದೊಡ್ಡ ಗೊಂದಲ ಇಬ್ರಿಯರಿಗೆ ಬರೆದ ಪತ್ರಿಕೆಯ 4ನೇ ಅಧ್ಯಾಯದ 8ನೇ ವಚನದಲ್ಲಿದೆ. ಯೆಹೋಶುವನು ಜನರನ್ನು ಕಾನಾನಿಗೆ ಕರೆತಂದರೂ ಅವರಿಗೆ ನಿಜವಾದ ವಿಶ್ರಾಂತಿ ಸಿಗಲಿಲ್ಲ, ಸಿಕ್ಕಿದ್ದರೆ ಬೇರೊಂದು ದಿನದ ಮಾತು ಬರುತ್ತಿರಲಿಲ್ಲ ಎಂಬುದು ಅಲ್ಲಿನ ವಾದ. ಗ್ರೀಕಿನಲ್ಲಿ ಯೇಸೂಸ್ ಎಂದಿದೆ. 1611ರ ಅನುವಾದಕರು ಅಲ್ಲಿ ಜೀಸಸ್ ಎಂದೇ ಅಚ್ಚು ಹಾಕಿಸಿದರು. ಅಪೊಸ್ತಲರ ಕೃತ್ಯಗಳ 7ನೇ ಅಧ್ಯಾಯದಲ್ಲೂ ಹಾಗೆಯೇ. ಇಬ್ರಿಯರ ಪತ್ರಿಕೆಯ ವಚನದಿಂದ ಯೇಸುವೇ ಜನರಿಗೆ ವಿಶ್ರಾಂತಿ ಕೊಡಲಾರದೆ ಹೋದ ಎಂಬ ಅರ್ಥ ಹೊರಟಿತು. ಗ್ರೀಕ್ ಓದುಗನಿಗೆ ಅಲ್ಲಿ ಇಬ್ಬರೂ ಯೇಸೂಸರು ಎದುರುಬದುರು ನಿಂತು ವಾದಕ್ಕೆ ಸೊಗಸು ಬರುತ್ತಿತ್ತು. ಇಂಗ್ಲಿಷ್ ಓದುಗನಿಗೆ ಒಗಟು ಮಾತ್ರ ಉಳಿಯಿತು. 1881ರ ಪರಿಷ್ಕೃತ ಇಂಗ್ಲಿಷ್ ಹೊಸ ಒಡಂಬಡಿಕೆ ಅಲ್ಲಿ ಜೋಶುವಾ ಎಂದು ತಿದ್ದಿತು, ಎಲೈಜಾ ಮತ್ತು ಐಸಾಯಾರನ್ನೂ ಹಳೆಯ ಹೆಸರಿಗೆ ಸೇರಿಸಿತು. ಗ್ರಾಮದ ಚರ್ಚುಗಳಲ್ಲಿ ಕೂತು ಕೇಳಿದವರ ಎಷ್ಟು ತಲೆಮಾರುಗಳು ಅಷ್ಟರಲ್ಲಿ ಕಳೆದುಹೋಗಿದ್ದವು!

1611ರ ಪ್ರತಿಗಳಲ್ಲಿ ‘ಜೆ’ ಅಕ್ಷರವನ್ನು ನಾವು ಇಂದು ಬಳಸುವಂತೆ ಬಳಸಿಲ್ಲವೆಂಬುದೂ ನಿಜ. ದೊರೆಗೆ ಅರ್ಪಿಸಿದ ಪುಟದಲ್ಲಿ ದೊರೆಯ ಹೆಸರೇ ‘ಐ’ ಅಕ್ಷರದಿಂದ ಶುರುವಾಗುತ್ತದೆ. ‘ಜೆ’ ಎಂಬುದು ‘ಐ’ನ ಬಾಲ ಎಳೆದ ರೂಪವಷ್ಟೇ ಆಗಿತ್ತು, 17ನೇ ಶತಮಾನದಲ್ಲಿ ಮುದ್ರಕರು ಎರಡನ್ನೂ ಬೇರೆ ಮಾಡಿದರು. ಬದಲಾದದ್ದು ಅಚ್ಚಿನ ಮೊಳೆ. ಬಾಯಲ್ಲಿ ‘ಜ’ಕಾರ ಆಗಲೇ ಶತಮಾನಗಳ ಹಳೆಯದು.

ಕ್ಯಾಥೊಲಿಕರ ಇಂಗ್ಲಿಷ್ ಬೈಬಲ್ ಲ್ಯಾಟಿನ್ನಿನ ಜಾಡಿನಲ್ಲೇ ನಡೆಯಿತು. ಅದರ ಹೊಸ ಒಡಂಬಡಿಕೆ ರೀಮ್ಸಿನಲ್ಲಿ 1582ರಲ್ಲಿ, ಹಳೆಯದು ದುವೇಯಲ್ಲಿ 1609–10ರಲ್ಲಿ ಬಂತು. ಅಲ್ಲಿ ಜೋಶುವಾ ಜೋಸುವೆ, ಓಬದ್ಯ ಅಬ್ದಿಯಾಸ್, ಚೆಫನ್ಯ ಸೊಫೊನಿಯಾಸ್. ಒಂದೇ ಭಾಷೆಯಾಡುವ ಎರಡು ಸಭೆಗಳು 20ನೇ ಶತಮಾನದವರೆಗೂ ಒಂದೇ ಪ್ರವಾದಿಯನ್ನು ಬೇರೆ ಬೇರೆ ಹೆಸರಿನಿಂದ ಕರೆದವು.

ಯೆಹೂದನ ಹೆಸರಿಗಾದ ಗತಿ ನನ್ನನ್ನು ಹೆಚ್ಚು ನೋಯಿಸುತ್ತದೆ. ಗ್ರೀಕಿನಲ್ಲಿ ಯೂದಾಸ್ ಎಂಬ ಒಂದೇ ಹೆಸರು ಇಂಗ್ಲಿಷಿನಲ್ಲಿ ಮೂರಾಯಿತು. ಮೂಲಪಿತೃ ಜೂಡಾ, ಪತ್ರಿಕೆ ಬರೆದವನು ಜೂಡ್, ಗುರುವನ್ನು ಹಿಡಿದುಕೊಟ್ಟವನು ಜೂಡಸ್. ಯೆಹೂದ್ಯ ಎಂಬ ಜನಾಂಗದ ಹೆಸರು ಹುಟ್ಟಿದ್ದೇ ಈ ಹೆಸರಿನಿಂದ. ಒಳ್ಳೆಯವರಿಗೆ ಬಹುಮಟ್ಟಿಗೆ ಬೇರೆ ರೂಪಗಳನ್ನು ಹಂಚಿ, ಗ್ರೀಕ್ ರೂಪವನ್ನು ಹೆಚ್ಚಾಗಿ ದ್ರೋಹಿಯೊಬ್ಬನಿಗೆ ಬಿಟ್ಟುಕೊಟ್ಟಾಗ, ಯೇಸುವಿನ ಸಹೋದರನದೂ ಅದೇ ಹೆಸರೆಂಬುದು ಮರೆತುಹೋಯಿತು. ಜೇಮ್ಸ್, ಜಾನ್, ಮೇರಿ ಇಂಗ್ಲಿಷ್ ಹಳ್ಳಿಯ ನೆರೆಹೊರೆಯವರಂತೆ ಕೇಳಿಸುವಾಗ ಜೂಡಸ್ ಒಬ್ಬನೇ ಪರಕೀಯನಂತೆ ಕೇಳಿಸಿದ. ಯೇಸುವಿನ ಸುತ್ತ ಇದ್ದವರೆಲ್ಲ ಯೆಹೂದ್ಯರೇ ಎಂಬ ಸರಳ ಸತ್ಯವನ್ನು ಯೂರೋಪು ಮರೆಯಲು ಈ ಹೆಸರುಗಳೂ ನೆರವಾದವು ಎಂದು ನಾನು ನಂಬುತ್ತೇನೆ.

ಕನ್ನಡದ ಮಾತು ಇಲ್ಲಿ ಸಹಜವಾಗಿ ಬರುತ್ತದೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಅನುವಾದಕ್ಕೆ ತೊಡಗಿದರು. 1830ರ ದಶಕದ ಆರಂಭದ ಹೊತ್ತಿಗೆ ಪೂರ್ಣ ಕನ್ನಡ ಬೈಬಲ್ ಸಿದ್ಧವಾಯಿತು. ಇಂದು ನಮ್ಮ ಸಭೆಗಳಲ್ಲಿ ಓದುವ ಕನ್ನಡ ಬೈಬಲಿನಲ್ಲಿ ಆದಿಕಾಂಡದ ಮೂಲಪಿತೃವೂ ಯಾಕೋಬ, ಪತ್ರಿಕೆ ಬರೆದವನೂ ಯಾಕೋಬ. ಎರಡೂ ಒಡಂಬಡಿಕೆಗಳಲ್ಲಿ ಎಲೀಯ ಎಲೀಯನೇ, ಯೆಶಾಯ ಯೆಶಾಯನೇ. ಇಬ್ರಿಯರ ಪತ್ರಿಕೆಯ ಆ ವಚನದಲ್ಲಿ ಯೆಹೋಶುವ ಎಂದೇ ಇದೆ. ಮಿರ್ಯಾಮಳಿಗೂ ಮರಿಯಳಿಗೂ, ಯೆಹೋಶುವನಿಗೂ ಯೇಸುವಿಗೂ ನಡುವಿನ ಅಂತರ ಇಲ್ಲೂ ಉಳಿದಿದೆ. ಆದರೂ ಹವ್ವ, ಮೋಶೆ, ಯೆರೂಸಲೇಮ್ ಎಂಬ ರೂಪಗಳಲ್ಲಿ ‘ಹ’, ‘ಶ’, ‘ಯ’ಗಳು ಜಾಗ ಬಿಟ್ಟಿಲ್ಲ. ಗ್ರೀಕ್ ಲಿಪಿಯಲ್ಲಿಲ್ಲದ ‘ಶ’ಕಾರ ನಮ್ಮ ಅಕ್ಷರಮಾಲೆಯಲ್ಲಿ ಸುಲಭವಾಗಿ ಇತ್ತು.

ಈಗ ಪತ್ರಿಕೆಗಳಲ್ಲಿ, ಅನುವಾದಿತ ಪುಸ್ತಕಗಳಲ್ಲಿ, ಸಿನಿಮಾದ ಕನ್ನಡ ಡಬ್ಬಿಂಗಿನಲ್ಲಿ ಜೆರೆಮಿಯಾ, ಐಸಾಯಾ, ಜೋಶುವಾ, ಈವ್ ಎಂಬ ಇಂಗ್ಲಿಷ್ ರೂಪಗಳು ನುಗ್ಗುತ್ತಿವೆ. ಮಕ್ಕಳಿಗೆ ಇಟ್ಟ ಹೆಸರು ಅವರದು. ಅದು ಜೇಮ್ಸ್ ಆಗಿರಲಿ, ಜಾನ್ ಆಗಿರಲಿ. ಆದರೆ ಬೈಬಲಿನ ವ್ಯಕ್ತಿಯನ್ನು ಕುರಿತು ಕನ್ನಡದಲ್ಲಿ ಬರೆಯುವವರು ಇಂಗ್ಲಿಷ್ ಕಾಗುಣಿತವನ್ನು ನಕಲು ಮಾಡುವ ಮೊದಲು ಒಮ್ಮೆ ಕನ್ನಡ ಬೈಬಲ್ ತೆರೆದು ನೋಡಿ, ಯೆರೆಮೀಯ, ಯೆಶಾಯ, ಯೆಹೋಶುವ, ಹವ್ವ ಎಂದೇ ಬರೆಯಲಿ.